ಕೈಗೆ ತೊಟ್ಟ ಬೂಟು

"ನನ್ನ ಹಳೇ ಬೂಟು ಎಲ್ಲಿಟ್ಟಿದೀಯೋ?" ಎಂದು ಅಕ್ಕ ಅಡುಗೆಮನೆಯಿಂದ ಕೇಳಿದಾಗ ಬೂಟು ಅವನ ಚೀಲದಲ್ಲಿತ್ತು, ಚೀಲ ಹೆಗಲ ಮೇಲಿತ್ತು, ಕೈ ಬಾಗಿಲ ಚಿಲಕದ ಮೇಲಿತ್ತು. "ಅಟ್ಟದ ಮೇಲಿರಬೇಕು ನೋಡು," ಅಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಎದ್ದಾಗಿನಿಂದ ಬಾಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆನೇನೋ ಎಂದು ಅವನಿಗೇ ಅನುಮಾನ ಬಂತು. "ಅಟ್ಟದ ಮೇಲೆ ಇಲ್ಲ. ನಿನ್ನೆ ಪಕ್ಕದ ಮನೆಯವಳನ್ನ ಹತ್ತಿಸಿ ನೋಡಿಸ್ದೆ. ಗುಜರಿಯವನು ಸಂಜೆ ಬರ್ತೀನಿ ಅಂದಿದಾನೆ, ಕಬ್ಬಿಣ ಇದೆಯಲ್ಲ, ತಗೊಂಡು ಹೋಗ್ಲಿ. ಮ್ಯೂಸಿಯಂನಲ್ಲಿ ಇಡ್ಬೇಕಾ ಅದನ್ನ?" ಈ ಮಾತಿನ ಕೊನೆ ಕೇಳಿಸಿದ್ದು ಅಡುಗೆಮನೆಯಿಂದಲ್ಲ, ಅವನ ಬೆನ್ನ ಹಿಂದಿನಿಂದ. ಅವನು ಬೆಚ್ಚಿಬಿದ್ದು ಚೀಲವನ್ನು ಎದೆಯ ಕಡೆಗೆ ಎಳೆದುಕೊಂಡ. ಹೊಸ ಕ್ಯಾಲಿಪರ್ ಬಂದ ಮೇಲೆ ಹೀಗೇ. ಎಳೆತನದಲ್ಲಿ ಪೋಲಿಯೊ ಹಿಡಿದು ಸಣಕಲಾದ ಅವಳ ಎಡಗಾಲನ್ನು ಇಷ್ಟು ವರ್ಷ ಹೊತ್ತು ನಿಲ್ಲಿಸಿದ್ದು ತೊಡೆಯವರೆಗಿನ ಎರಡು ಕಬ್ಬಿಣದ ಸರಳು, ಚರ್ಮದ ಪಟ್ಟಿಗಳು, ಮಂಡಿಯ ಹತ್ತಿರ ಒಂದು ಬೀಗ, ಕೆಳಗೆ ದಪ್ಪ ಅಟ್ಟೆಯ ಕಪ್ಪು ಬೂಟು. ಈಗಿನದು ತೆಳು ಪ್ಲಾಸ್ಟಿಕ್ಕಿನದು, ಮಾಮೂಲಿ ಚಪ್ಪಲಿಯ ಮೇಲೆ ಕೂರುತ್ತದೆ, ಸದ್ದು ಮಾಡುವುದಿಲ್ಲ. ಅವಳು ಭೂಗೋಳ ಪಾಠ ಮಾಡುವ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳಿಗೆ 'ಟಕ್ ಮಿಸ್' ಎಂದು ಹೆಸರಿತ್ತು. ವರಾಂಡದ ಆ ತುದಿಯಲ್ಲಿ ಟಕ್ ಅಂದರೆ ಸಾಕು, ಈ ತುದಿಯ ತರಗತಿಯಲ್ಲಿ ಪುಸ್ತಕದ ಕೆಳಗಿದ್ದದ್ದೆಲ್ಲ ಮಾಯವಾಗುತ್ತಿತ್ತು. "ಈಗ ಪಾಪ, ಅವಕ್ಕೆ ಮುನ್ಸೂಚನೆನೇ ಸಿಗಲ್ಲ ಕಣೋ. ಹಾಗೇ ಒಳಗೆ ಹೋದ್ರೆ ಅವರ ಮುಖ ನೋಡೋಕಾಗಲ್ಲ. ಅದಕ್ಕೆ ಬಾಗಿಲ ಹತ್ರ ನಿಂತು ಒಂದ್ಸಲ ಕೆಮ್ತೀನಿ," ಎಂದು ಹೇಳಿಕೊಂಡು ನಕ್ಕಿದ್ದಳು. ಮನೆಯಲ್ಲಿ ಕೆಮ್ಮುವುದಿಲ್ಲ. ಮನೆಯಲ್ಲಿ ಯಾರಿಗೆ ಮುನ್ಸೂಚನೆ ಕೊಡಬೇಕು?

"ಸಂಜೆ ಬಂದು ಹುಡುಕ್ತೀನಿ," ಎಂದು ಹೊರಬಿದ್ದ. ಕೇಳಿದ್ದರೆ ಕೊಡುತ್ತಿದ್ದಳು. ಇದೇ ಅವನನ್ನು ಕೊರೆಯುತ್ತಿದ್ದದ್ದು. "ತಗೊಂಡ್ಹೋಗು, ನಿನ್ನ ಹೆಂಗಸರ ಚಪ್ಪಲಿ ರಾಶಿಗೆ ಇದೂ ಸೇರ್ಲಿ," ಎಂದು ನಗುತ್ತಲೇ ಕೊಡುತ್ತಿದ್ದಳು. ಹಾಗಿದ್ದೂ ಕೆಲವು ದಿನಗಳ ಹಿಂದೆ ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಮಂಚದ ಕೆಳಗೆ ತೂರಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಬೂಟನ್ನು ಕಳ್ಳನಂತೆ ಎತ್ತಿಕೊಂಡು ಬಂದಿದ್ದ. ಕೇಳಿದ್ದರೆ ಯಾಕೆ ಎಂದು ಅವಳು ಕೇಳುತ್ತಿದ್ದಳು. ಹೇಳಬೇಕಾಗುತ್ತಿತ್ತು.

ಸಿನಿಮಾದವರ ಭಾಷೆಯಲ್ಲಿ ಅವನು ಎಫೆಕ್ಟ್ಸ್‌ನವನು. ತೆರೆಯ ಮೇಲೆ ಯಾರಾದರೂ ನಡೆದರೆ, ಮೆಟ್ಟಿಲಿಳಿದರೆ, ತಟ್ಟೆ ಕುಕ್ಕಿದರೆ, ಆ ಸದ್ದನ್ನು ಆಮೇಲೆ ಸ್ಟುಡಿಯೋದ ಕತ್ತಲೆಯಲ್ಲಿ ಚಿತ್ರ ನೋಡಿಕೊಂಡು ಕೂಡಿಸುವವನು. ಗಂಡಸಿಗೆ ಇರಬೇಕಾದದ್ದಕ್ಕಿಂತ ಪುಟ್ಟ ಪಾದ ಅವನದು. ಬಾಲ್ಯದಲ್ಲಿ ಅದೊಂದು ನಾಚಿಕೆ, ಈಗ ಅದೇ ಅನ್ನ. ಯಾವ ನಾಯಕಿಯ ಗಾತ್ರದ ಚಪ್ಪಲಿಯೂ ಹಿಡಿಸುತ್ತದೆ. ಅತ್ತೆ ಸೊಸೆ ಜಗಳವಾಡಿ ದಡದಡ ಮೆಟ್ಟಿಲಿಳಿದರೆ ಅತ್ತೆಯೂ ಅವನೇ, ಸೊಸೆಯೂ ಅವನೇ. ಪ್ರೇಮಿಯಿಂದ ಬೀಳ್ಕೊಂಡು ಒಣಗಿದ ಎಲೆಗಳ ಮೇಲೆ ನಡೆದುಹೋದ ಎಷ್ಟೋ ಸುಂದರಿಯರು ಹರಿದ ಬನಿಯನ್ನಿನ ಈ ಮನುಷ್ಯನ ಕಾಲಿನ ಮೇಲೆ ನಡೆದವರು. "ಊರ ಹೆಂಗಸರ ಚಪ್ಪಲಿನೆಲ್ಲ ಮನೆಗೆ ತಂದೆ, ಒಬ್ಬಳನ್ನೂ ತರ್ಲಿಲ್ಲ," ಎಂದು ಅಕ್ಕ ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಅವಳೂ ಒಂಟಿ, ಅವನೂ ಒಂಟಿ, ಇಬ್ಬರಿಗೂ ಅದರ ಬಗ್ಗೆ ಮಾತು ಬೇಕಾಗಿರಲಿಲ್ಲ.

ಈಗಿನ ಚಿತ್ರ ಬೇರೆ ಥರದ್ದು. ಹಾಡಿಲ್ಲ, ಹೊಡೆದಾಟವಿಲ್ಲ, ದೊಡ್ಡ ಕಂಪನಿಯ ಬೆಂಬಲವಿಲ್ಲ. ನಿರ್ದೇಶಕಿ ತನ್ನ ಗೆಳೆಯರನ್ನು ಕಟ್ಟಿಕೊಂಡು ಹಟಕ್ಕೆ ಬಿದ್ದು ಮಾಡಿದ್ದು. ಕಾಲಿಗೆ ಕ್ಯಾಲಿಪರ್ ಹಾಕುವ ಹುಡುಗಿಯೊಬ್ಬಳು ಕೆಲಸ ಹುಡುಕುವ ಕಥೆ. ಹೆಸರಾಂತ ನಟಿಯೊಬ್ಬಳು ಕುಂಟಿ ತೋರಿಸುತ್ತೇನೆಂದು ಮುಂದೆ ಬಂದಿದ್ದಳಂತೆ, ನಿರ್ದೇಶಕಿ ಒಪ್ಪಲಿಲ್ಲ. ಅಂಗವಿಕಲರ ಪಾತ್ರವನ್ನು ಅಂಗವಿಕಲರೇ ಮಾಡಬೇಕು, ಇನ್ನೊಬ್ಬರ ದೇಹವನ್ನು ವೇಷದ ಹಾಗೆ ತೊಡುವುದು ಕಳ್ಳತನ ಎಂದು ಸಂದರ್ಶನಗಳಲ್ಲಿ ಹೇಳಿದಳು, ನಿಜಕ್ಕೂ ಕ್ಯಾಲಿಪರ್ ಹಾಕುವ ರಂಗಭೂಮಿಯ ಹುಡುಗಿಯನ್ನು ತಂದಳು. ಅವನಿಗೆ ಆ ಮಾತು ಹಿಡಿಸಿತ್ತು. ಎಷ್ಟು ಹಿಡಿಸಿತ್ತೆಂದರೆ ಕೆಲಸ ಒಪ್ಪಿಕೊಂಡ ದಿನ ಅಕ್ಕನಿಗೆ ಹೇಳಬೇಕೆಂದು ಬೇಗ ಮನೆಗೆ ಬಂದು, ಅವಳ ಮುಖ ನೋಡಿ, ಹೇಳದೆ ಸುಮ್ಮನಾಗಿದ್ದ.

ಚಿತ್ರದಲ್ಲೊಂದು ದೃಶ್ಯವಿದೆ. ಸಂದರ್ಶನದಲ್ಲಿ ಕೆಲಸ ಸಿಗದೆ ಹೊರಬಂದ ಹುಡುಗಿ ಕಚೇರಿಯ ಉದ್ದನೆಯ ಓಣಿಯಲ್ಲಿ ನಡೆದುಹೋಗುತ್ತಾಳೆ. ಕ್ಯಾಮೆರಾ ಹಿಂದೆ ನಿಂತಿದೆ, ಕಾಣುವುದು ಬೆನ್ನು ಮಾತ್ರ. ಸಂಗೀತವಿಲ್ಲ, ಮಾತಿಲ್ಲ, ಹೆಜ್ಜೆ ಸದ್ದು ಒಂದೇ. ಚಿತ್ರೀಕರಣದ ದಿನ ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದರಂತೆ, ಅಲ್ಲಿ ಹಿಡಿದ ಸದ್ದು ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಆ ಓಣಿಯನ್ನು ಅವನು ನಡೆಯಬೇಕಾಯಿತು. ಮೊದಲು ಅಕ್ಕನ ಬೂಟನ್ನು ಕಾಲಿಗೇ ತೊಟ್ಟ. ಮಂಡಿಯ ಬೀಗ ಬಿದ್ದ ಮೇಲೆ ಕಾಲು ಮಡಿಸಲಾಗಲಿಲ್ಲ, ಸೊಂಟದಿಂದ ಬೀಸಿ ಮುಂದೆ ಎಸೆಯಬೇಕಾಯಿತು, ಹಿಮ್ಮಡಿ ಹಲಗೆಯ ಮೇಲೆ ಟಕ್ಕೆಂದು ಬಿತ್ತು. ಗಾಜಿನ ಆಚೆಯಿಂದ ರೆಕಾರ್ಡಿಸ್ಟ್, "ಅಣ್ಣ, ಸಿಪಾಯಿ ಪೆರೇಡ್ ಹೊರಟ ಹಾಗಿದೆ," ಅಂದ. ನಿರ್ದೇಶಕಿಯೂ, "ಇಷ್ಟು ಗಟ್ಟಿ ಬೇಡ, ಅವಳು ಸೋತು ಹೋಗ್ತಿದಾಳಲ್ವಾ?" ಅಂದಳು. ಅವನಿಗೂ ಅದು ಸುಳ್ಳು ಅನ್ನಿಸಿತ್ತು. ಬೂಟು ಬಿಚ್ಚಿ, ನೆಲಕ್ಕೆ ಮಂಡಿಯೂರಿ, ಎಡಗೈಗೆ ಬೂಟು, ಬಲಗೈಗೆ ಹೆಂಗಸರ ಚಪ್ಪಲಿ ತೊಟ್ಟು, ಕಣ್ಣು ಮುಚ್ಚಿದ. ಚಿತ್ರವನ್ನು ನೋಡಲೇ ಇಲ್ಲ. ಒಳಗೆ ಬಹಳ ಕೆಳಗಿನಿಂದ ಒಂದು ಸದ್ದು ಎದ್ದು ಬಂತು, ಕೈಗಳು ಅದರ ಹಿಂದೆ ಹೋದವು. ಚಪ್ಪಲಿ ಮೆಲ್ಲಗೆ, ಆಮೇಲೆ ಒಂದು ತಡ, ಆಮೇಲೆ ಬೂಟು ಸರ್ರನೆ ಎಳೆದುಕೊಂಡು ಬಂದು ನಿಲ್ಲುವುದು. ಮುಗಿದಾಗ ರೆಕಾರ್ಡಿಸ್ಟ್ ಕಣ್ಣೊರೆಸಿಕೊಂಡ. ನಿರ್ದೇಶಕಿ ಒಳಗೆ ಬಂದು ಬೂಟು ತೊಟ್ಟ ಅವನ ಕೈಯನ್ನೇ ಹಿಡಿದುಕೊಂಡು, "ಎಲ್ಲಿತ್ತು ಸರ್ ಇದು ಇಷ್ಟು ದಿನ?" ಅಂದಳು. ಇಡೀ ಜೀವಮಾನದಲ್ಲಿ ಅವನ ಕೆಲಸದ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವನ ಎದೆ ಉಬ್ಬಿತ್ತು, ಇಳಿಯುವ ಹೊತ್ತಿಗೆ ಉಬ್ಬಿದ್ದಕ್ಕೇ ಹೇಸಿಗೆಯಾಗಿತ್ತು.

ಇವತ್ತು ಚಿತ್ರದ ನಟಿ, ಆ ರಂಗಭೂಮಿಯ ಹುಡುಗಿ, ಬಂದು ಸದ್ದು ಕೇಳುವ ದಿನ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಸರಳಿನ ತುದಿ ಬಟ್ಟೆಯ ಮೂಲಕ ಹೊಟ್ಟೆಗೆ ಚುಚ್ಚುತ್ತಿತ್ತು. ಆ ಸದ್ದು ಎಲ್ಲಿತ್ತೆಂದು ನಿರ್ದೇಶಕಿಗೆ ಅವನು ಹೇಳಿರಲಿಲ್ಲ. ಅದು ಬಾಲ್ಯದ ಮಧ್ಯಾಹ್ನಗಳಲ್ಲಿತ್ತು. ಅಪ್ಪ ಮಲಗಿರುತ್ತಿದ್ದರು, ಅಕ್ಕ ನೀರು ಕುಡಿಯಲು ಎದ್ದರೆ ಅಮ್ಮ ಪಿಸುದನಿಯಲ್ಲಿ "ಮೆಲ್ಲಗೆ ನಡಿಯೇ" ಎನ್ನುತ್ತಿದ್ದಳು. ಅಕ್ಕ ಮೆಲ್ಲಗೆ ನಡೆಯುತ್ತಿದ್ದಳು, ಇಲ್ಲವೇ ಎದ್ದವಳು ಹಾಗೇ ಕೂತುಬಿಡುತ್ತಿದ್ದಳು, ಅವನು ಗೋಡೆಗೆ ಮುಖ ಮಾಡಿ ಮಲಗಿ ನೀರು ಕುಡಿಯದ ಅಕ್ಕನ ಬಾಯಾರಿಕೆಯನ್ನು ತಾನು ಅನುಭವಿಸುತ್ತಿದ್ದ. ಮತ್ತೆ ಅದು ಅವಳು ಓದುತ್ತಿದ್ದ ಶಾಲೆಯ ಬಹುಮಾನದ ಸಭೆಯಲ್ಲಿತ್ತು. ಹೆಸರು ಕೂಗಿದರು, ಚಪ್ಪಾಳೆ ಶುರುವಾಯಿತು, ಅವಳು ಎದ್ದು ಹೊರಟಳು, ಹಾದಿ ಉದ್ದವಾಗಿತ್ತು, ಚಪ್ಪಾಳೆ ಅಷ್ಟು ದೂರಕ್ಕೆ ಸಾಲಲಿಲ್ಲ. ಚಪ್ಪಾಳೆ ನಿಂತುಹೋದ ಆ ಮೌನದಲ್ಲಿ ಮರದ ವೇದಿಕೆಯ ಮೇಲೆ ಬೂಟು. ಸಭೆಯ ಜನವೆಲ್ಲ ಅದನ್ನೇ ಕೇಳುತ್ತಿದ್ದಾರೆ, ಎಲ್ಲರೂ ಪಾಪ ಎನ್ನುತ್ತಿದ್ದಾರೆ. ಅಮ್ಮನ ಪಕ್ಕದಲ್ಲಿ ಕೂತ ಅವನು ಯಾರಾದರೂ ಆ ವೇದಿಕೆಗೆ ಜಮಖಾನ ಹಾಸಬಾರದೇ ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದ. ಅಂದಿನಿಂದ ಇಂದಿನವರೆಗೆ ಯಾವ ನೆಲ ಕಂಡರೂ ಅವನು ಮೊದಲು ನೋಡುವುದು ಅದು ಎಷ್ಟು ಸದ್ದು ಮಾಡುತ್ತದೆ ಎಂದು. ಈ ಕಸುಬಿಗೆ ಅವನನ್ನು ತಂದದ್ದು ಪುಟ್ಟ ಪಾದ ಎಂದು ಎಲ್ಲರಿಗೂ ಹೇಳುತ್ತಾನೆ. ನಿಲ್ದಾಣ ಬಂತು, ಇಳಿದ.

ಸ್ಟುಡಿಯೋದಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು. ನಟಿ ಬಂದದ್ದು ಯಾರಿಗೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣ. ತೆರೆಯ ಮೇಲೆ ಎಷ್ಟೋ ದಿನ ನೋಡಿದ್ದ ಬೆನ್ನಿಗೆ ಒಂದು ಮುಖ ಇರುವುದನ್ನು ಕಂಡು ಅವನಿಗೆ ಯಾಕೋ ಸಂಕೋಚವಾಯಿತು. "ನನ್ನ ಕಾಲು ಮಾಡಿದೋರು ನೀವೇನಾ?" ಎಂದು ನಕ್ಕು ಬಿಸ್ಕತ್ತು ಚಾಚಿದಳು. ತೆಗೆದುಕೊಂಡ. ಈ ಹುಡುಗಿ ನಡೆಯುವ ಸದ್ದನ್ನು ತಾನು ಒಂದು ಸಲವೂ ಕೇಳಿಲ್ಲ ಎಂಬುದು ಬಿಸ್ಕತ್ತು ಬಾಯಲ್ಲಿರುವಾಗ ಹೊಳೆಯಿತು. ಕೇಳಬೇಕು ಅನ್ನಿಸಿಯೇ ಇರಲಿಲ್ಲ. ಅವನಿಗೆ ಗೊತ್ತಿತ್ತಲ್ಲ.

ದೀಪ ಆರಿತು, ಓಣಿ ಬಂತು, ಬೆನ್ನು ನಡೆಯಿತು. ಅವನು ತೆರೆ ನೋಡದೆ ಅವಳನ್ನೇ ನೋಡುತ್ತಿದ್ದ. ಅವಳು ಪೊಟ್ಟಣ ಮಡಚುವುದನ್ನು ನಿಲ್ಲಿಸಿದಳು. ಮುಗಿದ ಮೇಲೆ, "ಇನ್ನೊಂದ್ಸಲ ಹಾಕಿ," ಅಂದಳು. ಮತ್ತೆ ಆಯಿತು. "ಚಿತ್ರ ಬೇಡ, ಸದ್ದು ಮಾತ್ರ." ಕಪ್ಪು ತೆರೆಯ ಮುಂದೆ ನಾಲ್ವರೂ ಕೂತು ಕೇಳಿದರು. ಅವನಿಗೆ ಈಗಲೂ ಅದು ಹಿಡಿಸಿತು. ನಾಚಿಕೆಗೇಡು, ಆದರೆ ಹಿಡಿಸಿತು.

"ಇದು ಯಾರು?" ಎಂದಳು ನಟಿ.

"ನೀನೇ," ಎಂದಳು ನಿರ್ದೇಶಕಿ.

"ನಾನು ಹೀಗೆ ನಡೆಯಲ್ಲ."

"ಸದ್ದು ಸ್ವಲ್ಪ ಕಮ್ಮಿ ಮಾಡ್ಬೇಕಾ? ಮಿಕ್ಸಿಂಗ್‌ನಲ್ಲಿ ಮಾಡೋಣ."

"ಜಾಸ್ತಿ ಕಮ್ಮಿ ಅಲ್ಲ ಮೇಡಂ. ಇವಳು ಬೇರೆ ಯಾರೋ. ಯಾರಾದ್ರೂ ಬಂದು ಕೈ ಹಿಡೀಲಿ ಅಂತ ಕಾಯ್ತಾ ಹೋಗ್ತಿದಾಳೆ. ನಾನು ಆವತ್ತು ಕೋಪದಲ್ಲಿ ನಡೆದೆ. ಆ ಕುರ್ಚಿಲಿ ಕೂತು ಕೆಲಸ ಇಲ್ಲ ಅಂದೋನಿಗೆ ಏನೇನು ಅನ್ಬೇಕಿತ್ತು ಅಂತ ಯೋಚಿಸ್ತಾ ನಡೆದೆ. ಅಳಬೇಡ ಅಂತ ನೀವೇ ಹೇಳಿದ್ರಿ. ನಾನು ಅಳ್ಲಿಲ್ಲ. ಈಗ ನೋಡಿದ್ರೆ ನನ್ನ ಕಾಲು ಅಳ್ತಿದೆ."

ನಿರ್ದೇಶಕಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡಳು. ಒಳ್ಳೆಯವಳು, ಅವಳ ದನಿಯಲ್ಲಿ ಮೋಸವಿರಲಿಲ್ಲ. "ನೋಡು, ಮುಖ ಕಾಣಲ್ಲ ಅಲ್ಲಿ. ನೋಡೋರಿಗೆ ಒಳಗಡೆ ಏನಾಗ್ತಿದೆ ಅಂತ ತಿಳೀಬೇಕಲ್ವಾ? ಇದನ್ನ ಕೇಳಿದೋರೆಲ್ಲ ಅತ್ತಿದಾರೆ. ನಿನಗೋಸ್ಕರನೇ ಅತ್ತಿದ್ದು." ನಟಿ ಪೊಟ್ಟಣವನ್ನು ಮತ್ತೆ ಮಡಚತೊಡಗಿದಳು. "ನಿನ್ನನ್ನೇ ಹಾಕ್ಬೇಕು ಅಂತ ಎಷ್ಟು ಜನರ ಜೊತೆ ಜಗಳ ಆಡಿದೀನಿ ಗೊತ್ತಾ?"

"ಗೊತ್ತು. ಎಲ್ಲಾ ಸಂದರ್ಶನದಲ್ಲೂ ಹೇಳ್ತೀರಲ್ಲ," ಎಂದಳು ನಟಿ ಮೆತ್ತಗೆ. ನಿರ್ದೇಶಕಿಯ ಮುಖ ಕೆಂಪಾಯಿತು. ರೆಕಾರ್ಡಿಸ್ಟ್ ಯಾವುದೋ ಗುಂಡಿಯನ್ನು ಸುಮ್ಮನೆ ತಿರುವತೊಡಗಿದ.

ಅವನು ನಡುವೆ ಬಾಯಿ ಹಾಕಿದ. "ಬೂಟು ನಿಜದ್ದೇ ಅಮ್ಮ. ನನ್ನ ಅಕ್ಕನದು," ಎಂದು ಚೀಲದಿಂದ ಹೊರತೆಗೆದ. ಹೇಳುವಾಗಲೇ ಅಂಗಡಿಯವನು ಅಸಲಿ ಮಾಲು ಎಂದು ಗಿರಾಕಿಗೆ ತೋರಿಸಿದ ಹಾಗಾಯಿತು ಅನ್ನಿಸಿ ಕಿವಿ ಬಿಸಿಯಾಯಿತು. ನಿರ್ದೇಶಕಿಯ ಮುಖ ಮಾತ್ರ ಅರಳಿತು. "ನೋಡು, ಸುಮ್ಮನೆ ಕಟ್ಟಿದ್ದಲ್ಲ. ಇವರು ಹುಟ್ಟಿದಾಗಿನಿಂದ ಕೇಳಿರೋ ಸದ್ದು. ಇದೂ ಒಂದು ಸತ್ಯ ಅಲ್ವಾ?" ನಟಿ ಬೂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಂಡಿಯ ಬೀಗವನ್ನು ಹಾಕಿ ತೆಗೆದು ನೋಡಿದಳು. ಆಮೇಲೆ ಮಗುಚಿ ಅಟ್ಟೆಯ ಮೇಲೆ ಬೆರಳಾಡಿಸಿ, "ಮುಂದುಗಡೆ ಸವೆದೇ ಇಲ್ಲ, ನೋಡಿ. ಹಿಮ್ಮಡಿ ಮಾತ್ರ ಸವೆದಿದೆ. ಎಳ್ಕೊಂಡು ನಡೆದಿದ್ರೆ ತುದಿ ಉಳೀತಿತ್ತಾ?" ಅಂದಳು. ಅವನು ಬಗ್ಗಿ ನೋಡಿದ. ಹಿಮ್ಮಡಿ ಓರೆಯಾಗಿ ಸವೆದಿತ್ತು, ಎಷ್ಟೋ ಸಲ ಹೊಸ ತುಂಡು ಹೊಡೆಸಿದ ಮೊಳೆಗಳ ಗುರುತಿತ್ತು. ತುದಿ ಹೊಸದರಂತಿತ್ತು. ಇದನ್ನು ಕೈಗೆ ತೊಟ್ಟು ದಿನಗಟ್ಟಲೆ ಎಳೆದಾಡಿದವನು ಒಂದು ಸಲವೂ ಮಗುಚಿ ನೋಡಿರಲಿಲ್ಲ.

"ನಿಮ್ಮ ಅಕ್ಕ ಇದನ್ನ ಕೇಳಿದಾರಾ?"

"ಇಲ್ಲ."

"ಕೇಳ್ಸಿ. ಇದು ನನ್ನ ನಡಿಗೆ ಅಂತ ಅವರಂದ್ರೆ ಇರ್ಲಿ, ನನ್ನ ತಕರಾರಿಲ್ಲ. ನಂದಲ್ದಿದ್ರೂ ಪರವಾಗಿಲ್ಲ, ಯಾರದ್ದಾದ್ರೂ ಆಗಿರ್ಬೇಕಲ್ವಾ." ಬೂಟನ್ನು ಅವನ ಕೈಗೆ ಕೊಟ್ಟು, ಕೋಲು ಊರಿ ಎದ್ದು, ಕಾರ್ಪೆಟ್ಟಿನ ಮೇಲೆ ಸದ್ದಿಲ್ಲದೆ ಹೊರಟುಹೋದಳು.

ನಿರ್ದೇಶಕಿ ಅವನನ್ನು ಬಾಗಿಲವರೆಗೆ ಬಿಡಲು ಬಂದಳು. "ಅಕ್ಕನಿಗೆ ಸ್ವಲ್ಪ ತಿಳಿಸಿ ಹೇಳಿ ಸರ್. ಸಿನಿಮಾದಲ್ಲಿ ಹೇಗಿರುತ್ತೆ ಅಂತ. ಅವರು ಹೂಂ ಅಂದ್ರೆ ಇವಳು ಒಪ್ಕೋತಾಳೆ. ನೀವು ಮಾಡಿರೋದ್ರಲ್ಲೇ ಇದು ಎಲ್ಲಕ್ಕಿಂತ ದೊಡ್ಡದು, ನಾನು ಅದನ್ನ ಕಳ್ಕೊಳ್ಳೋಕೆ ತಯಾರಿಲ್ಲ." ತಾನೂ ತಯಾರಿರಲಿಲ್ಲ ಎಂಬುದು ಅವನಿಗೆ ಬಸ್ಸು ಹತ್ತಿದ ಮೇಲೆ ಸ್ಪಷ್ಟವಾಯಿತು. ಅಕ್ಕನನ್ನು ಕೇಳಲೇಬೇಕೆಂದಿಲ್ಲ. ನಾಳೆ ಹೋಗಿ, ಕೇಳಿಸಿದೆ, ಹೌದಂದಳು ಎಂದರೆ ಮುಗಿಯಿತು. ಯಾರು ಮನೆಗೆ ಬಂದು ವಿಚಾರಿಸುತ್ತಾರೆ? ಬೆಳಿಗ್ಗೆ ಒಂದು ಸುಳ್ಳು ಬಂದಿಲ್ಲವೇ, ಇದೂ ಅದರ ತಮ್ಮ. ಎಷ್ಟೋ ಜನ ಹೆಂಗಸರಾಗಿ ಎಷ್ಟೋ ಮಹಡಿ ಹತ್ತಿಳಿದು ಒಬ್ಬರಿಗೂ ಹೆಸರು ಗೊತ್ತಾಗದೆ ತಲೆ ಬೆಳ್ಳಗಾಗಿದೆ, ಒಂದು ಸಲ, ಒಂದೇ ಒಂದು ಸಲ, ಕತ್ತಲೆಯಲ್ಲಿ ಜನ ಅವನ ಸದ್ದಿಗೆ ಅತ್ತರೆ ಯಾರ ಗಂಟೇನು ಹೋಗುತ್ತದೆ? ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಚೀಲದಿಂದ ಹೊರಚಾಚಿದ ಸರಳನ್ನು ನೋಡಿ, ಅವನ ಕಾಲನ್ನು ನೋಡಿ, ಪಾಪ ಎಂಬಂತೆ ಸ್ವಲ್ಪ ಸರಿದು ಜಾಗ ಕೊಟ್ಟಳು. ಅವನು ಆ ಜಾಗಕ್ಕೆ ಸರಿಯಲಿಲ್ಲ. ಸರಳನ್ನು ಒಳಗೆ ತುರುಕಿದ, ಅದು ಮತ್ತೆ ಹೊರಬಂತು.

ಅಕ್ಕ ಮೇಜಿನ ಮುಂದೆ ಕೂತು ಮಕ್ಕಳು ಬಣ್ಣ ಹಚ್ಚಿದ ಭೂಪಟಗಳನ್ನು ತಿದ್ದುತ್ತಿದ್ದಳು. "ನೋಡೋ ಇಲ್ಲಿ, ಮಹಾತಾಯಿ ಮರುಭೂಮಿಗೆ ನೀಲಿ ಹಚ್ಚಿದಾಳೆ. ಅಲ್ಲೇ ಹಡಗು ಬಿಡೋ ಯೋಚನೆ ಇರ್ಬೇಕು." ಅವನು ನಗಲಿಲ್ಲ. ಚೀಲವನ್ನು ಕುರ್ಚಿಯ ಕೆಳಗಿಟ್ಟು, "ಒಂದು ಸದ್ದು ಕೇಳಿಸ್ತೀನಿ, ಏನನ್ಸುತ್ತೆ ಹೇಳು," ಎಂದು ಮೊಬೈಲನ್ನು ಮೇಜಿನ ಮೇಲಿಟ್ಟ. ಯಾಕೆ ಎಂದು ಹೇಳದೆ ಕೇಳಿಸುವುದೇ ನ್ಯಾಯ ಅಂದುಕೊಂಡ. ಅದು ನ್ಯಾಯವೋ ಹೇಡಿತನವೋ ಅವನಿಗೆ ಗೊತ್ತಾಗಲಿಲ್ಲ. ಅಕ್ಕ ಕೆಂಪು ಪೆನ್ಸಿಲನ್ನು ಹಾಗೇ ಹಿಡಿದುಕೊಂಡು ತಲೆ ಓರೆ ಮಾಡಿ ಕೇಳಿದಳು. ಚಪ್ಪಲಿ, ತಡ, ಸರ್ರನೆ ಬೂಟು. ಚಪ್ಪಲಿ, ತಡ, ಬೂಟು. ಆ ಚಿಕ್ಕ ಕೋಣೆಯಲ್ಲಿ, ಅವಳ ಎದುರಿಗೆ, ಸದ್ದು ಮುಗಿಯುವುದೇ ಇಲ್ಲ ಅನ್ನಿಸಿತು.

"ಯಾರಿದು, ಪಾಪ?" ಎಂದಳು ಅಕ್ಕ. "ತುಂಬಾ ವಯಸ್ಸಾದೋರಾ? ಆಸ್ಪತ್ರೆ ಸೀನ್ ಇರ್ಬೇಕು. ಚೆನ್ನಾಗಿ ಮಾಡಿದೀಯ ಕಣೋ, ಕರುಳು ಚುರ್ ಅನ್ನುತ್ತೆ."

ಅವನು ಬಗ್ಗಿ ಚೀಲದಿಂದ ಬೂಟು ತೆಗೆದು ಭೂಪಟಗಳ ಪಕ್ಕದಲ್ಲಿಟ್ಟ.

"ಓ, ಇಲ್ಲಿದೆಯಾ," ಎಂದಳು. ಕಳೆದದ್ದು ಸಿಕ್ಕಿದ ಸಂತೋಷ ಮೊದಲು ಬಂತು, ಅರ್ಥ ಆಮೇಲೆ ಬಂತು. ಎರಡೂ ಬಂದದ್ದನ್ನು ಅವನು ಅವಳ ಮುಖದಲ್ಲಿ ನೋಡಿದ. "ಗುಜರಿಯವನು ಬಂದು ಹೋದ. ಹಳೇ ಪೇಪರ್ ಕೊಟ್ಟು ಕಳಿಸ್ದೆ." ಮೊಬೈಲಿನ ಕಡೆ ನೋಡಿದಳು. "ಇದನ್ನ ಹಾಕ್ಕೊಂಡು ಮಾಡಿದ್ದಾ ಅದು?"

"ಹೂಂ."

"ಕಾಲಿಗೆ ಹಾಕ್ಕೊಂಡ್ರೆ ಹಾಗೆ ಬರಲ್ವಲ್ಲ."

"ಕೈಗೆ ಹಾಕ್ಕೊಂಡೆ. ನೆಲದ ಮೇಲೆ ಮಂಡಿ ಊರಿ."

ಅಕ್ಕ ನಕ್ಕಳು. ನಿಜವಾಗಿ, ಹೊಟ್ಟೆ ತುಂಬ ನಕ್ಕಳು, ಪೆನ್ಸಿಲು ಉರುಳಿ ನೆಲಕ್ಕೆ ಬಿತ್ತು. "ಅಂಬೆಗಾಲಿಟ್ಕೊಂಡು ನನ್ನ ಹಾಗೆ ನಡೆದೆಯಾ? ಅಯ್ಯೋ ನಿನ್ನ." ಅವನೂ ನಗಲು ನೋಡಿದ. ಪೂರ್ತಿ ಒಟ್ಟಿಗೆ ನಕ್ಕುಬಿಟ್ಟರೆ ಇದು ದಾಟಿಹೋದೀತು ಎಂಬ ಆಸೆ ಮೂಡಿತು. ಆದರೆ ಅವಳು ಮೊದಲೇ ನಿಲ್ಲಿಸಿಬಿಟ್ಟಳು. ಪೆನ್ಸಿಲನ್ನು ಎತ್ತಿಕೊಳ್ಳಲು ಅವನು ಬಗ್ಗಿದ, ಬಗ್ಗಿದ್ದಾಗಲೇ ಮೇಲಿನಿಂದ ಅವಳ ದನಿ ಬಂತು. "ನಿನಗೆ ಹೀಗೇ ಕೇಳಿಸ್ತಿತ್ತಾ? ಚಿಕ್ಕೋನಿದ್ದಾಗಿನಿಂದ?"

ಅವನು ನೆಲದ ಮೇಲೆಯೇ, ಬೂಟು ಎಳೆಯುವಾಗ ಇದ್ದ ಹಾಗೆಯೇ, ಮಂಡಿಯ ಮೇಲೆ ಇದ್ದ. ಇಲ್ಲ ಎನ್ನಬಹುದಿತ್ತು. ಸಿನಿಮಾಕ್ಕೋಸ್ಕರ ಮಾಡಿದ್ದು, ನಿರ್ದೇಶಕಿ ಹೇಳಿದ್ದಕ್ಕೆ ಮಾಡಿದ್ದು, ಮೊದಲು ಸರಿಯಾಗಿಯೇ ಮಾಡಿದ್ದೆ ಎನ್ನಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಆಗಿತ್ತು. ಪೆನ್ಸಿಲನ್ನು ಮೇಜಿನ ಮೇಲಿಟ್ಟು, "ಹೂಂ," ಅಂದ.

ಅಕ್ಕ ಬೂಟಿನ ಪಟ್ಟಿಯನ್ನು ಬಕಲ್ಲಿನಲ್ಲಿ ತೂರಿಸಿ ಬಿಗಿದಳು, ಮತ್ತೆ ಸಡಿಲಿಸಿದಳು. "ಬಹುಮಾನ ಕೊಟ್ಟ ದಿನ ನೀನು ಅಳ್ತಿದ್ದೆ. ಕೆಳಗೆ ನೋಡಿದ್ರೆ ಅಮ್ಮನ ಪಕ್ಕದಲ್ಲಿ ಗೋಳೋ ಅಂತಿದ್ದೆ. ಅಕ್ಕನಿಗೆ ಬಹುಮಾನ ಬಂತು ಅಂತ ಸಂತೋಷಕ್ಕೆ ಅಳ್ತಿದಾನೆ ಅಂದ್ಕೊಂಡಿದ್ದೆ ನಾನು. ನನ್ನ ತಮ್ಮ ಹೀಗೆ ಅಂತ ಎಷ್ಟು ಜನಕ್ಕೆ ಹೇಳಿದೀನಿ ಅದನ್ನ. ಈಗಲೂ ಶಾಲೆಲಿ ಹೇಳ್ತಿರ್ತೀನಿ." ಬೂಟನ್ನು ಪಕ್ಕಕ್ಕೆ ಸರಿಸಿದಳು. "ಆ ವೇದಿಕೆ ಮರದ್ದು. ಎಷ್ಟು ಚೆನ್ನಾಗಿ ಸದ್ದು ಮಾಡ್ತಿತ್ತು ಗೊತ್ತಾ? ಎಲ್ಲಾ ಚಪ್ಪಾಳೆ ನಿಲ್ಸಿ ನನ್ನನ್ನೇ ನೋಡ್ತಿದ್ರು. ಬೇಕಂತಲೇ ಇನ್ನೊಂಚೂರು ಜೋರಾಗಿ ಇಟ್ಟೆ."

ಅವನಿಗೆ ಆ ವೇದಿಕೆ ಕಾಣಿಸಿತು, ದೀಪಗಳು ಕಾಣಿಸಿದವು, ಎರಡು ಜಡೆಯ ಅಕ್ಕ ಕಾಣಿಸಿದಳು. ಅವಳು ಹೇಳಿದ ಸದ್ದನ್ನು ಕೇಳಿಸಿಕೊಳ್ಳಲು ಅವನು ಕಣ್ಣು ಮುಚ್ಚಿ ಇದ್ದಬದ್ದ ಕಿವಿಯನ್ನೆಲ್ಲ ಒಟ್ಟುಮಾಡಿದ. ಬಂದದ್ದು ಅದೇ ಸರ್ರನೆಯ ಎಳೆತ. ಬೇರೆ ಏನೂ ಅವನ ಬಳಿ ಇರಲಿಲ್ಲ.

"ಅಕ್ಕ, ಒಂದ್ಸಲ ಅದನ್ನ ಹಾಕ್ಕೊಂಡು ನಡಿ. ಒಂದೇ ಸಲ. ಸರಿಯಾಗಿ ಕೇಳ್ತೀನಿ."

ಅವಳು ಅವನನ್ನು ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಇಷ್ಟು ವರ್ಷ ನಡೆದೆನಲ್ಲೋ," ಎಂದಳು. ಆಮೇಲೆ ನೀಲಿ ಮರುಭೂಮಿಯನ್ನು ಮುಂದಕ್ಕೆ ಎಳೆದುಕೊಂಡು ಅದರ ಮೇಲೆ ಕೆಂಪು ಗೀಟು ಹಾಕಿದಳು.

ಅವನು ತನ್ನ ಕೋಣೆಗೆ ಹೋಗಿ ರೆಕಾರ್ಡಿಸ್ಟನಿಗೆ ಫೋನು ಮಾಡಿದ. ಓಣಿಯ ಸದ್ದನ್ನು ಅಳಿಸಿಬಿಡು ಅಂದ. "ಅಣ್ಣ, ಮೇಡಂ ನನ್ನ ಕೊಂದೇ ಬಿಡ್ತಾರೆ," ಎಂದ ರೆಕಾರ್ಡಿಸ್ಟ್. ಮೇಡಮ್ಮಿಗೆ ನಾನು ಹೇಳುತ್ತೇನೆ, ಅದು ತನ್ನ ನಡಿಗೆಯಲ್ಲ ಎಂದಳು ಅಕ್ಕ ಎಂದು ಹೇಳುತ್ತೇನೆ, ಅಂದ ಇವನು. ಆ ನಟಿಯನ್ನೇ ಕರೆಸಿ ಹಲಗೆಯ ಮೇಲೆ ನಡೆಸೋಣ, ಮೈಕು ಹಿಡಿಯುವುದಷ್ಟೇ ನಮ್ಮ ಕೆಲಸ ಅಂದ. ಆ ಕಡೆ ಸ್ವಲ್ಪ ಹೊತ್ತು ಏನೋ ತಡಕಾಡುವುದು ಕೇಳಿಸಿತು. "ನಿಮ್ಮ ಮೊದಲನೇ ಟೇಕ್ ಇದೆ, ಸಿಪಾಯಿದು. ಅಳಿಸಿರ್ಲಿಲ್ಲ. ಕೇಳಿ." ಫೋನಿನೊಳಗಿನಿಂದ ಟಕ್, ಟಕ್ ಎಂದು ಬಂತು. ಚುರುಕಾಗಿತ್ತು, ಗಟ್ಟಿಯಾಗಿತ್ತು, ಯಾರಿಗೂ ಕಾಯುತ್ತಿರಲಿಲ್ಲ. ಇದೇ ಇರಬಹುದೇ? ಇದನ್ನೇ ಸುಳ್ಳೆಂದು ಬಿಸಾಕಿದೆನೇ? ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಕ್ಕ ವರಾಂಡದಲ್ಲಿ ಬರುತ್ತಿದ್ದಾಳೆ, ಮಕ್ಕಳು ಬೆನ್ನು ನೆಟ್ಟಗೆ ಮಾಡುತ್ತಿದ್ದಾರೆ ಎಂದು ಕಲ್ಪಿಸಿಕೊಳ್ಳಲು ನೋಡಿದ. ಕಂಡದ್ದು ಸ್ಟುಡಿಯೋದ ಹಲಗೆ, ಹರಿದ ಬನಿಯನ್ನು, ತನ್ನದೇ ಪುಟ್ಟ ಪಾದ. "ಬೇಡ," ಅಂದ. "ಅದೂ ನನ್ನ ಕಾಲೇ."

ಫೋನಿಟ್ಟು ದೀಪ ಹಾಕದೆ ಮಂಚದ ಮೇಲೆ ಕೂತ. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಮೇಜಿನ ಕುರ್ಚಿ ಸರಿದ ಸದ್ದು ಬಂತು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ನಲ್ಲಿಯ ನೀರು, ನಿಂತದ್ದು. ಪಾತ್ರೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ, ಅವಳು ನಡೆದಿರಲೇಬೇಕು. ನಡುವೆ ಏನೂ ಇರಲಿಲ್ಲ. ಕಸುಬಿನ ಕಿವಿಯನ್ನೆಲ್ಲ ತೆರೆದು ಅವನು ಕಾಯುತ್ತ ಕೂತ. ಬಂದು ಹೆಗಲ ಮೇಲೆ ಕೈಯಿಟ್ಟು ಏಳೋ ಎಂದರೆ ಸಾಕು ಅನ್ನಿಸಿತು, ಬೆಳಿಗ್ಗೆಯ ಹಾಗೆ ಬೆನ್ನ ಹಿಂದೆ ಬಂದು ಬೆಚ್ಚಿಬೀಳಿಸಿದರೂ ಸಾಕು.

ಬಾಗಿಲು ತೆರೆದೇ ಇತ್ತು. ಹೊಸ್ತಿಲ ಆಚೆ ನಿಂತು ಅಕ್ಕ ಒಂದು ಸಲ ಕೆಮ್ಮಿದಳು.

"ಊಟಕ್ಕೆ ಏಳು," ಅಂದಳು. ಒಳಗೆ ಬರಲಿಲ್ಲ.